ತೊಳೆದ ಮುಖ

ನಾನು ನನ್ನ ಗಂಡನಿಗೆ ಎರಡನೆಯ ಹೆಂಡತಿ. ಮೊದಲನೆಯವಳನ್ನು ನಾನು ಕಂಡವಳಲ್ಲ. ಆದರೆ ಮದುವೆಯಾದ ಮೊದಲ ಕೆಲವು ವರ್ಷ ಗಂಡನ ಮುಖಕ್ಕಿಂತ ಹೆಚ್ಚು ನೋಡಿದ್ದು ಅವಳ ಮುಖವನ್ನೇ. ಅದರಲ್ಲಿ ಅವರ ತಪ್ಪೇನಿಲ್ಲ. ನಿಂತು ನೋಡುವಂಥ ಮುಖ ಅವರದಲ್ಲ, ಅಷ್ಟೆ.

ಜರ್ಮನಿಯ ಲಡಾಯಿ ನಡೆದಿದ್ದ ಕಾಲ. ನಮ್ಮವರು ಜಹೀರಾಬಾದ್ ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತರು. ನಿಜಾಮ್ ಸರ್ಕಾರದ ರೈಲ್ವೆ ನಮಗೆ ಕೊಟ್ಟಿದ್ದು ಎರಡು ಕೋಣೆ, ಹಿಂದೆ ಒಂದು ಹಿತ್ತಲು. ಒಳಕೋಣೆಯಲ್ಲಿ ದೇವರ ಗೂಡಿನ ಪಕ್ಕದ ಮೊಳೆಗೆ ಅವಳ ಫೋಟೋ ತೂಗುತ್ತಿತ್ತು. ಕೊಡಂಗಲ್ಲಿನಿಂದ ಮದುವಣಗಿತ್ತಿಯಾಗಿ ಬಂದ ನನ್ನನ್ನು ಮೊದಲು ಅದರ ಮುಂದೆ ನಿಲ್ಲಿಸಿ, "ಆಕೀಗಿ ಕೈ ಮುಗಿ" ಎಂದರು ನಮ್ಮವರು. ಮುಗಿದೆ. ಫೋಟೋದ ಕೆಳಗೆ ಒಂದು ಪುಟ್ಟ ಹುಡುಗಿ ನಿಂತು, ನಾನು ಸರಿಯಾಗಿ ಮುಗಿಯುತ್ತೇನೋ ಇಲ್ಲವೋ ಎಂದು ನೋಡುತ್ತಿತ್ತು. ಅವಳು ಸತ್ತಾಗ ತೊಡೆಯ ಮೇಲಿದ್ದ ಕೂಸು ಅದು.

ನಮ್ಮ ಸೀಮೆಯಲ್ಲಿ ಮೊದಲ ಹೆಂಡತಿ ಮುತ್ತೈದೆಯಾಗಿ ಸತ್ತರೆ, ಬೆಳ್ಳಿ ತಗಡಿನಲ್ಲಿ ಅವಳ ಮುಖ ಮಾಡಿಸಿ ಎರಡನೆಯವಳು ಕೊರಳಿಗೆ ಕಟ್ಟಿಕೊಳ್ಳುತ್ತಾಳೆ. ಹಬ್ಬ ಬಂದರೆ ಅರಿಶಿನ, ಕುಂಕುಮ, ಹೊಸ ಸೀರೆ ಎಲ್ಲ ಮೊದಲು ಅವಳಿಗೆ, ಆಮೇಲೆ ನಮಗೆ. ಕೊಡದಿದ್ದರೆ ಸವತಿ ಕಾಡುತ್ತಾಳೆ ಎಂಬ ಭಯ. ನಮ್ಮವರು ಮಾತ್ರ ತಗಡು ಮಾಡಿಸಲಿಲ್ಲ. "ತಗಡಿನ ಮಾರಿ ಯಾರದಾದ್ರೂ ಆಗಬಹುದು. ಫೋಟೋದಾಗಿನ ಮಾರಿ ಆಕೀದೇ ಅದ. ಅದಕ್ಕೇ ಕುಂಕುಮ ಹಚ್ಚು" ಎಂದರು. ಹೀಗಾಗಿ ಹಬ್ಬಕ್ಕೊಮ್ಮೆ ಫೋಟೋದ ಗಾಜಿನ ಮೇಲೆ ಅರಿಶಿನ ಕುಂಕುಮ ಹಚ್ಚುವುದು, ಮರುದಿನ ಒದ್ದೆ ಬಟ್ಟೆಯಿಂದ ಒರೆಸುವುದು ನನ್ನ ಪಾಲಿಗೆ ಬಂತು.

ಆ ಫೋಟೋ ತೆಗೆದದ್ದು ತಾಂಡೂರಿನಲ್ಲಿ. ಮೊದಲು ಅವರಿಗೆ ಅಲ್ಲಿನ ಸ್ಟೇಷನ್ನಿನಲ್ಲೇ ಕೆಲಸವಿತ್ತು, ಅಲ್ಲಿಯ ಫೋಟೋಗ್ರಾಫರನ ಜೊತೆ ಎಲೆ ಅಡಿಕೆಯ ಗೆಳೆತನವೂ ಇತ್ತು. ಅವನ ಕತ್ತಲೆ ಕೋಣೆಯೊಳಗೆ ನಿಂತು ಹೆಂಡತಿಯ ಮುಖ ಮೂಡುವುದನ್ನು ಇವರು ಕಣ್ಣಾರೆ ನೋಡಿದ್ದರಂತೆ. ಮಾತು ಕಡಿಮೆಯ ಮನುಷ್ಯ. ಆದರೆ ಇದೊಂದು ಸಂಗತಿಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ನೀರಾಗ ಹಾಕಿ ತೊಳಕೋತ ಹೋದಂಗ ಮಾರಿ ಮೂಡತದ್ರಿ. ಮೊದಲ ಹುಬ್ಬು, ಆಮ್ಯಾಲ ಕಣ್ಣು. ತೊಳದಷ್ಟೂ ನಿಚ್ಚಳ ಆಗತದ." ಕೇಳಿದವರು ಬೆರಗಾಗುತ್ತಿದ್ದರು. ನಾನೂ ಆಗಿದ್ದೆ.

ನನಗೆ ಅದುವರೆಗೆ ಗೊತ್ತಿದ್ದ ಫೋಟೋಗಳೆಂದರೆ ಅರಮನೆಯ ಕಂಬ ಬರೆದ ಪರದೆಯ ಮುಂದೆ, ಒನಕೆ ನುಂಗಿದವರಂತೆ ಕುಳಿತವರವು. ಇದು ಹಾಗಿರಲಿಲ್ಲ. ಅವಳು ಯಾವುದೋ ಅಂಗಳದಲ್ಲಿ ಪೇರಿಸಿಟ್ಟ, ನೆಲಕ್ಕೆ ಹಾಸುವ ಫರಸಿ ಕಲ್ಲುಗಳಿಗೆ ಭುಜ ಆನಿಸಿ ನಿಂತಿದ್ದಳು. ಬೆಳಕು ಒಂದೇ ಕಡೆಯಿಂದ ಬಂದು ಅರ್ಧ ಮುಖ ತೋರಿಸಿ, ಇನ್ನರ್ಧವನ್ನು ಇದೆಯೋ ಇಲ್ಲವೋ ಎಂಬಷ್ಟು ಮಾತ್ರ ಬಿಟ್ಟಿತ್ತು. ಕಣ್ಣು ನಮ್ಮನ್ನು ನೋಡುತ್ತಿರಲಿಲ್ಲ. ನಮ್ಮ ಪಕ್ಕದಲ್ಲಿ ನಿಂತ ಯಾರನ್ನೋ ನೋಡಿ, ಈಗ ಏನೋ ಅನ್ನುವವಳಿದ್ದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಇವಳು ಏನು ಅನ್ನುವವಳಿದ್ದಳು ಎಂದು ಯೋಚಿಸುವಾಗ ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತಿತ್ತು. ಸವತಿಯ ಮೇಲೆ ಹೊಟ್ಟೆಕಿಚ್ಚು ಪಡಬೇಕಾದವಳು ನಾನು. ಅದಕ್ಕೂ ನನಗೆ ಪುರಸೊತ್ತಾಗಲಿಲ್ಲ.

ಆಮೇಲೆ ಪತ್ರಿಕೆಗಳು ಬಂದವು. ಬೀದರಿಗೆ ಹೋಗುವ ಸಾಹೇಬರು ರೈಲಿನ ಡಬ್ಬಿಯಲ್ಲಿ ಬಿಟ್ಟು ಹೋದ ಇಂಗ್ಲಿಷ್ ಪತ್ರಿಕೆ, ರಿಸಾಲೆ ಎಂಬ ಉರ್ದು ಮಾಸಪತ್ರಿಕೆಗಳನ್ನು ನಮ್ಮವರು ಅಡಿಗೆ ಮನೆಯ ಹಲಗೆಗೆ ಹಾಸಲು ತಂದು ಕೊಡುತ್ತಿದ್ದರು. ಮಠದಲ್ಲಿ ಕಲಿತ ಕನ್ನಡ ಬಿಟ್ಟು ನನಗೆ ಬೇರೆ ಅಕ್ಷರ ಬಾರದು. ಹಾಗಾಗಿ ಚಿತ್ರದ ಕೆಳಗೆ ಯಾರ ಹೆಸರಿತ್ತೋ ನನಗೆ ತಿಳಿಯಲಿಲ್ಲ. ನೋಡುತ್ತ ನೋಡುತ್ತ ಒಂದು ವಿಚಿತ್ರ ಗೊತ್ತಾಯಿತು. ಫೋಟೋ ತೆಗೆಯುವುದು ಪೆಟ್ಟಿಗೆಯಲ್ಲ, ಮನುಷ್ಯ. ಒಬ್ಬ ಎಲ್ಲರನ್ನೂ ಕಿಟಕಿಯ ಬಳಿಯೇ ನಿಲ್ಲಿಸುತ್ತಿದ್ದ. ಇನ್ನೊಬ್ಬನಿಗೆ ಧೂಳಿಲ್ಲದೆ ಆಗುತ್ತಿರಲಿಲ್ಲ. ದನ ಇರಲಿ, ಸಿಪಾಯಿ ಇರಲಿ, ಧೂಳು ಎದ್ದ ಮೇಲೆಯೇ ಅವನ ಚಿತ್ರ. ಮತ್ತೊಬ್ಬ ಜನರ ಬೆನ್ನನ್ನೇ ತೆಗೆಯುತ್ತಿದ್ದ, ಅದರಲ್ಲೇ ಅವರ ವಯಸ್ಸು, ದಣಿವು ಎಲ್ಲ ತೋರಿಸುತ್ತಿದ್ದ. ನಾನೇ ಅವರಿಗೆ ಕಿಟಕಿಯವ, ಧೂಳಿನವ, ಬೆನ್ನಿನವ ಎಂದು ಹೆಸರಿಟ್ಟುಕೊಂಡೆ. ಹೊಸ ಪತ್ರಿಕೆ ಕೈಗೆ ಬಂದರೆ, ತವರಿನ ಕಡೆಯವರು ಯಾರಾದರೂ ಬಂದಿದ್ದಾರೋ ಎಂದು ನೋಡುವಂತೆ ಮೊದಲು ಇವರನ್ನು ಹುಡುಕುತ್ತಿದ್ದೆ. ಸಿಕ್ಕಿದ್ದನ್ನು ಕತ್ತರಿಸಿ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಡುತ್ತಿದ್ದೆ. ಹಲಗೆಗೆ ಹಾಸಲು ಉಳಿಯುತ್ತಿದ್ದುದು ಬರೀ ತೂತು ಬಿದ್ದ ಕಾಗದ. "ನಮ್ಮನ್ಯಾಗ ಇಲಿ ಬಾಳ ಶಾಣ್ಯಾ ಆಗ್ಯಾವ, ಚೌಕಾಗಿ ತಿನ್ನಾಕ ಕಲತಾವ" ಎಂದು ನಮ್ಮವರು ನಗುತ್ತಿದ್ದರು.

ಇಷ್ಟೆಲ್ಲ ನೋಡಿದ ಕಣ್ಣಿಗೆ ಮನೆಯಲ್ಲಿದ್ದ ಫೋಟೋ ಸರಿಯಾಗಿ ಕಾಣದೆ ಹೋಯಿತು. ಎದುರಿಗೇ ಬಾಗಿಲು, ಅದರ ಬೆಳಕೆಲ್ಲ ಗಾಜಿನ ಮೇಲೆ ಬೀಳುತ್ತಿತ್ತು. ಅವಳ ಮುಖ ನೋಡಲು ಹೋದರೆ ಅಡ್ಡ ಬರುತ್ತಿದ್ದುದು ನನ್ನದೇ ಮುಖ. ಒಂದು ಮಧ್ಯಾಹ್ನ ತಡೆಯಲಾರದೆ ಚೌಕಟ್ಟಿನ ಹಿಂದಿನ ಮೊಳೆಗಳನ್ನು ಇಳಿಗೆಯ ತುದಿಯಿಂದ ಎಬ್ಬಿಸಿ ಗಾಜು ಹೊರಗೆ ತೆಗೆದೆ.

ಆಗ ಅವಳನ್ನು ನೋಡಿದೆ. ಕಿವಿಯ ಹತ್ತಿರ ಜಡೆಗೆ ಸಿಗದೆ ಉಳಿದ ಎರಡೆಳೆ ಕೂದಲು. ಕಲ್ಲಿಗೆ ಆನಿಸಿದ ಭುಜದ ಮೇಲೆ ಬಿಳಿಯ ಕಲ್ಲುಪುಡಿ. ಅದನ್ನು ಝಾಡಿಸಿಕೋ ಎಂದು ಹೇಳದೆ ಹಾಗೇ ಬಿಟ್ಟಿದ್ದನಲ್ಲ, ಆ ಫೋಟೋಗ್ರಾಫರನ ಮೇಲೆ ನನಗೆ ಗೌರವ ಹುಟ್ಟಿತು. ನನ್ನ ಕಿಟಕಿಯವ, ಧೂಳಿನವರ ಸಾಲಿನಲ್ಲಿ ತಾಂಡೂರಿನವನನ್ನೂ ಕೂಡಿಸಿದೆ. ಅಂದಿನಿಂದ ಮನೆಯಲ್ಲಿ ಯಾರೂ ಇಲ್ಲದಾಗ ಗಾಜು ತೆಗೆಯುವುದು, ಅವರು ಬರುವ ಹೊತ್ತಿಗೆ ಕೂಡಿಸುವುದು ರೂಢಿಯಾಯಿತು. ಬರಬರುತ್ತ ಕೂಡಿಸುವುದಕ್ಕೆ ಸೋಮಾರಿತನ ಬಂತು. ಗಂಡಸರು ಗೋಡೆ ನೋಡುತ್ತಾರೆಯೇ?

ಹುಡುಗಿಯ ಪಾಲಿಗೆ ಅದು ಫೋಟೋ ಆಗಿರಲಿಲ್ಲ. ಬೆಳಗಾದರೆ ಅದರ ಮುಂದೆ ನಿಂತು ಹೊಸ ಬಳೆ ತೋರಿಸುವುದು, ಬಿದ್ದ ಹಲ್ಲು ತೋರಿಸುವುದು, ನನ್ನ ಮೇಲೆ ಚಾಡಿ ಹೇಳುವುದು. ನನ್ನನ್ನು ಚಿಗವ್ವ ಎನ್ನುತ್ತಿದ್ದಳು. ಅವ್ವ ಎಂಬ ಮಾತು ಗೋಡೆಗೆ ಮೀಸಲು. ನಾನು ಅದನ್ನು ಕೇಳಿದವಳಲ್ಲ, ಆದರೆ ಬೇಡವಾಗಿತ್ತು ಎಂದರೆ ಸುಳ್ಳಾದೀತು.

ಹುಡುಗಿಗೆ ಇದ್ದ ಇನ್ನೊಂದು ಜೀವ ಎಂದರೆ ಆಯಿ, ತಾಯಿಯ ತಾಯಿ, ನಾರಾಯಣಖೇಡದವರು. ಮಗಳು ಸತ್ತ ಮನೆಗೆ ಬರಬಾರದು ಎಂದುಕೊಂಡಿದ್ದ ಮುದುಕಿ ಆ ವರ್ಷ ನಾಗರ ಪಂಚಮಿಗೆ ಮೊದಲ ಸಲ ಬಂದರು, ಎಳ್ಳಿನ ಉಂಡೆಯ ಗಂಟು ಹೊತ್ತುಕೊಂಡು. ನಾನು ಕಾಲಿಗೆ ಬಿದ್ದರೆ ಎಬ್ಬಿಸಿ, "ನನ್ನ ಮಗಳ ಜಾಗಾಕ್ಕ ಬಂದೀದಿ. ನೀನೂ ನನ್ನ ಮಗಳೇ" ಎಂದರು. ಮಗಳ ಫೋಟೋ ಅವರು ಅದುವರೆಗೆ ನೋಡಿರಲಿಲ್ಲ. ಅದರ ಮುಂದೆ ಕೂತವರು ಬಹಳ ಹೊತ್ತು ಏಳಲಿಲ್ಲ.

ಪಂಚಮಿಯ ದಿನ, "ಇವತ್ತ ಆಕೀಗಿ ಅರಿಶಿಣ ನಾ ಹಚ್ಚಲೇನವ್ವ?" ಎಂದು ನನ್ನನ್ನು ಕೇಳಿದರು. ನನ್ನ ಅಪ್ಪಣೆ ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ಹಚ್ಚಿರಿ ಎಂದು ಬಟ್ಟಲು ಕೊಟ್ಟು ಹಿತ್ತಲಿಗೆ ಹೋದೆ. ಹಿಂದಿನ ದಿನ ಬಂದ ರಿಸಾಲೆಯಲ್ಲಿ ಧೂಳಿನವನ ಚಿತ್ರವಿತ್ತು. ಕುರಿ ಹಿಂಡಿನ ನಡುವೆ ಕುರುಬನ ರುಮಾಲು ಮಾತ್ರ ಕಾಣುವಂಥದ್ದು. ಅದನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತೆ. ಗಾಜು ಟ್ರಂಕಿನಲ್ಲಿದೆ ಎಂಬುದು ನೆನಪಿಗೆ ಬರಲಿಲ್ಲ.

ಹುಡುಗಿಯ ಚೀರಾಟ ಕೇಳಿ ಓಡಿ ಬಂದೆ. ಮುದುಕಿಯ ಮುಂದೆ ಹಿಟ್ಟು ನಾದುವ ಪರಾತ, ಅದರ ತುಂಬ ನೀರು. ಅದರಲ್ಲಿ ಫೋಟೋ. ಮುತ್ತೈದೆಗೆ ಹಚ್ಚುವಂತೆ ಎರಡು ಕೆನ್ನೆಗೂ ತೊಯ್ಸಿದ ಅರಿಶಿನ ಹಚ್ಚಿದ್ದರು. ಮುಖ ಹಳದಿಯಾಗಿ ಕಲೆ ಬಿದ್ದದ್ದು ನೋಡಿ ಗಾಬರಿಯಾಗಿದ್ದರು. ಬಂದ ದಿನ ಅಳಿಯ ಹೇಳಿದ್ದ ಮಾತು ನೆನಪಿಗೆ ಬಂದಿತ್ತು: ನೀರಿನಲ್ಲಿ ತೊಳೆದಷ್ಟೂ ಮುಖ ನಿಚ್ಚಳವಾಗುತ್ತದೆ. ಚೌಕಟ್ಟಿನಿಂದ ಬಿಡಿಸಿ ನೀರಿಗೆ ಹಾಕಿ ಮೆತ್ತಗೆ ತಿಕ್ಕಿದ್ದರು. ಫರಸಿ ಕಲ್ಲು ಹಾಗೇ ಇದ್ದವು, ಸೀರೆಯ ಅಂಚು ಇತ್ತು. ಕೊರಳಿಂದ ಮೇಲೆ ಏನೂ ಉಳಿದಿರಲಿಲ್ಲ, ಕಾಗದದ ಬಿಳುಪು ಬಿಟ್ಟು.

"ತೊಳದ್ರ ಮೂಡತದಂತ ಅಂದಿದ್ದನಲ್ಲ" ಎಂದು ಮುದುಕಿ ಒಂದೇ ಸಮ ಅನ್ನುತ್ತಿದ್ದರು. "ಇನ್ನಷ್ಟು ತೊಳೀಲೇನವ್ವ?"

ಹುಡುಗಿ ಬಿಳಿಯ ಜಾಗವನ್ನು ತೋರಿಸಿ ಕೇಳಿದಳು. "ಆಯಿ, ಅವ್ವನ ಮಾರಿ ಎಲ್ಲಿ ಹೋತು?"

"ನಾನೇ ಅಳಿಸಿದೆನವ್ವ" ಎಂದರು ಆಯಿ.

ನಾನು ಬಾಗಿಲಲ್ಲಿ ನಿಂತಿದ್ದೆ. ಗಾಜು ತೆಗೆದದ್ದು ನಾನು ಎಂಬ ಮಾತು ಬಾಯಿಯವರೆಗೆ ಬಂತು. ಹೇಳಲಿಲ್ಲ. ನಮ್ಮವರು ಬಂದು ನೋಡಿ ಹಾಗೇ ಸ್ಟೇಷನ್ನಿಗೆ ಹೊರಟು ಹೋದರು. ಅತ್ತೆಯ ಮುಂದೆ ಬಾಯಿ ಬಿಡಬಾರದೆಂದು ಹೋದರೋ, ತಮ್ಮ ಕಥೆಯೇ ಇದನ್ನು ಮಾಡಿಸಿತೆಂದು ಹೋದರೋ ನನಗೆ ಗೊತ್ತಿಲ್ಲ. ಹುಡುಗಿ ಅಂದಿನಿಂದ ಆಯಿಯ ಕೈಯ ತುತ್ತು ತಿನ್ನಲಿಲ್ಲ. ಉಂಡೆ ಕೊಟ್ಟರೆ ಕೆಳಗೆ ಇಟ್ಟು ಬಂದು ನನ್ನ ಹಿಂದೆ ನಿಲ್ಲುತ್ತಿದ್ದಳು. ಮುದುಕಿ ಆ ಉಂಡೆಯನ್ನು ಎತ್ತಿ ಮತ್ತೆ ಡಬ್ಬಿಗೆ ಹಾಕುವುದನ್ನು ನಾನು ನೋಡುತ್ತಿದ್ದೆ. ಆದರೂ ಹೇಳಲಿಲ್ಲ. ಹೇಳಿದರೆ ಆ ಹುಡುಗಿ ಯಾರ ಹಿಂದೆ ಹೋಗಿ ನಿಲ್ಲಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವಳು ನನ್ನ ಹಿಂದೆ ನಿಲ್ಲುವುದು ನನಗೆ ಹಿತವಾಗಿತ್ತು.

ತಾಂಡೂರಿಗೆ ಹೋಗೋಣ ಎಂದವಳು ನಾನೇ. ಫೋಟೋ ಮೊದಲು ಗಾಜಿನ ಪ್ಲೇಟಿನ ಮೇಲೆ ಬೀಳುತ್ತದೆ, ಅದಿದ್ದರೆ ಇನ್ನೊಂದು ಮಾಡಿಕೊಡುತ್ತಾನೆ ಎಂದು ನಮ್ಮವರು ಹೇಳಿದ್ದರು. ಅವರಿಗೆ ರಜೆ ಸಿಗಲಿಲ್ಲ. ಪಾಸು ಕೊಟ್ಟು ಕಳಿಸಿದರು. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ನಾವು ಮೂವರೂ ಹೆಂಗಸರ ಡಬ್ಬಿಯಲ್ಲಿ ಕುಳಿತೆವು. ಮುದುಕಿ ಒಂದು ಕಿಟಕಿ, ಹುಡುಗಿ ಇನ್ನೊಂದು ಕಿಟಕಿ, ನಡುವೆ ನಾನು.

ಫೋಟೋಗ್ರಾಫರನ ಅಂಗಡಿ ಸ್ಟೇಷನ್ನಿನ ಎದುರಿಗೇ ಇತ್ತು. ಮನಸ್ಸಿನಲ್ಲಿ ಅವನನ್ನು ಏನೇನೋ ಮಾಡಿಕೊಂಡಿದ್ದೆ. ಕಂಡದ್ದು ಮೀಸೆಗೆ ಬಣ್ಣ ಹಚ್ಚಿದ, ಬಾಯ್ತುಂಬ ಎಲೆ ತುಂಬಿಕೊಂಡ ಒಬ್ಬ ದಢೂತಿ. ಗೋಡೆಯ ತುಂಬ ಪರದೆಯ ಮುಂದೆ ಕುಳಿತ ದೇಶಮುಖರು, ವಕೀಲರು. ಒಂದೊಂದನ್ನೂ ತೋರಿಸಿ ಹೊಗಳಿಕೊಂಡ. ನಾನು ಅಂಗಳದ ಫೋಟೋದ ಮಾತೆತ್ತಿ, ಯಾರ ಕಡೆಯವರೆಂದು ಹೇಳಿದೆ.

"ಹಾಂ, ಪಾರ್ಸಲ್ ಬಾಬು ಮನಿಯವ್ರದು. ಅವತ್ತ ಮಾಡ ಕವಿದಿತ್ತು, ಒಳಗ ಉಜಾಲಾ ಇರಲಿಲ್ಲ. ಹಿತ್ತಲದಾಗ ನಿಂದರಿಸಿ ತಗದೆ. ಬೇಕಾರ್ ತಸ್ವೀರ್. ಆ ಹಿತ್ತಲದ ಪ್ಲೇಟೆಲ್ಲಾ ತೊಳದಿಟ್ಟೀನ್ರಿ."

ತೊಳೆದಿಟ್ಟಿದ್ದೇನೆ ಎಂದ. ನಮ್ಮ ಕಡೆ ಫೋಟೋ ತೊಳೆಯುವುದೆಂದರೆ ಮುಖ ಮೂಡಿಸುವುದು. ಮುದುಕಿ ನನ್ನ ತೋಳು ಹಿಡಿದುಕೊಂಡರು. "ತೊಳದಾನಂತ" ಎಂದು ಹುಡುಗಿಗೆ ಹೇಳಿದರು. ಪಂಚಮಿಯ ನಂತರ ಹುಡುಗಿ ಮೊದಲ ಸಲ ಆಯಿಯ ಮುಖ ನೋಡಿದಳು. "ಒಂದ ಕೊಡ್ರಿ ಯಪ್ಪಾ, ನಿಮಗ ಪುಣ್ಯಾ ಬರತದ" ಎಂದು ಮುದುಕಿ ಕೈ ಮುಗಿದರು. ತರ್ತೀನಿ ಎಂದು ಅವನು ಒಳಗೆ ಹೋದ.

ಮೂಲೆಯಲ್ಲಿ ರದ್ದಿ ಎಂದು ಎಸೆದ ಫೋಟೋಗಳ ಕಟ್ಟಿತ್ತು. ಕೈ ಸುಮ್ಮನಿರಲಿಲ್ಲ, ಬಿಚ್ಚಿದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಪೆಟ್ಟಿಗೆ ಸರಿಯಾಗಿದೆಯೋ ಎಂದು ನೋಡಲು ತೆಗೆದವು ಇರಬೇಕು. ಫರಸಿಯ ನೆರಳಿನಲ್ಲಿ ಬಾಯಿ ತೆರೆದು ಮಲಗಿದ ಕಲ್ಲು ಒಡೆಯುವವರು. ಮಳೆಯಲ್ಲಿ ನಿಂತ ಒಂಟಿ ಟಾಂಗಾ. ಕ್ಷೌರಿಕನ ಮುಂದೆ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ, ರೈಲು ಬಂತೆಂದು ಎದ್ದು ನಿಂತದ್ದು. ಕತ್ತಿ ಹಿಡಿದ ಕ್ಷೌರಿಕ ಅವನ ಅಂಗಿ ಹಿಡಿದು ಎಳೆಯುತ್ತಿದ್ದ. ಗೋಡೆಯ ಮೇಲಿನ ದೇಶಮುಖರೆಲ್ಲ ಸೇರಿದರೂ ಇದರ ಒಂದು ಮೂಲೆಗೆ ಸಮನಲ್ಲ. ಈ ದಢೂತಿಗೆ ತಾನು ಏನು ಮಾಡಿದ್ದೇನೆಂಬುದೇ ಗೊತ್ತಿಲ್ಲವಲ್ಲ ಎಂದು ನಾನು ಗಟ್ಟಿಯಾಗಿ ನಕ್ಕೆ.

ತಲೆ ಎತ್ತಿದರೆ ಅವನು ಎದುರಿಗೆ ನಿಂತಿದ್ದ. ಕೈಯಲ್ಲಿ ಒಂದರ ಮೇಲೊಂದು ಜೋಡಿಸಿದ ಗಾಜುಗಳು. ನೀರಿನಂತೆ ಸ್ವಚ್ಛ.

"ಲಡಾಯಿ ಶುರು ಆದ ಮ್ಯಾಲ ಪರದೇಸದಿಂದ ಕಾಂಚ್, ಗಾಜು ಬರಾದು ಬಂದ್ ಆಗ್ಯದ. ಹಳೇ ಪ್ಲೇಟ್ ಸೋಡಾ ನೀರಾಗ ತೊಳದು ಚೌಕಟ್ಟಿಗಿ ಹಾಕ್ತೀನ್ರಿ. ಇದರಾಗ ನಿಮ್ಮದ ಯಾವದು ಅಂದ್ರ ನನಗೂ ತಿಳಿಯಲ್ಲ. ಗ್ವಾಡಿಗಿ ಹೋಗಿರಬಹುದು, ಮಾರಿರಬಹುದು."

ಮುದುಕಿ ಒಂದು ಗಾಜನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಆಚೆ ಈಚೆ ತಿರುಗಿಸಿದರು. ಆ ಕಡೆ ಸ್ಟೇಷನ್ನು ಕಾಣುತ್ತಿತ್ತು. ಹುಡುಗಿ ಹಿಮ್ಮಡಿ ಎತ್ತಿ ಇಣುಕಿ, "ಇದರಾಗ ಯಾರೂ ಇಲ್ಲ" ಎಂದಳು. ಆಮೇಲೆ ಆಯಿಯ ಕಡೆ ತಿರುಗಿ ಅಂದಳು. "ಎಲ್ಲಾರೂ ತೊಳದೇ ಬಿಟ್ರಿ."

ನನ್ನ ನಗು ಇನ್ನೂ ಆ ಅಂಗಡಿಯಲ್ಲೇ ಇದ್ದಂತೆ ಅನಿಸಿತು. ಅವರಿಬ್ಬರೂ ಒಂದು ಮುಖಕ್ಕಾಗಿ ಕಾಯುತ್ತಿದ್ದಾಗ ನಾನು ಚಿತ್ರ ನೋಡಿ ಖುಷಿಪಡುತ್ತಿದ್ದೆ. ಪಂಚಮಿಯ ದಿನ ಹಿತ್ತಲಲ್ಲಿ ಕುಳಿತದ್ದೂ ಹೀಗೆಯೇ. ನನ್ನ ಕಣ್ಣಿಗೆ ಒಳ್ಳೆಯದೊಂದು ಬಿದ್ದರೆ ಮನೆಯವರು ಕಾಣುವುದಿಲ್ಲ. ಇದು ಚಟ, ಇದಕ್ಕೆ ಬೇರೆ ಹೆಸರಿಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕ್ಷೌರಿಕನ ಚಿತ್ರವನ್ನು ಕಟ್ಟಿನ ಮೇಲೆ ಮಗುಚಿ ಇಟ್ಟು ಹೊರಗೆ ಬಂದೆ.

ಗಾಡಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಇಂಜಿನ್ನು ನೀರು ಕುಡಿಯುತ್ತಿತ್ತು; ಹುಡುಗಿ ಅದನ್ನು ನೋಡುತ್ತ ದೂರ ನಿಂತಿದ್ದಳು. ಬೇವಿನ ಕಟ್ಟೆಯ ಮೇಲೆ ಮುದುಕಿಯ ಪಕ್ಕ ಕುಳಿತವಳು ತಲೆ ತಗ್ಗಿಸಿ ಹೇಳಿಬಿಟ್ಟೆ.

"ಯವ್ವಾ, ಗಾಜ ತಗದಾಕಿ ನಾನು. ಮಾರಿ ಚಂದಾಗಿ ಕಾಣಲಿ ಅಂತ ತಗದೆ. ಗಾಜ ಇದ್ದಿದ್ರ ನಿಮ್ಮ ಕೈಲಿ ಏನೂ ಆಗ್ತಿರಲಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದರು.

"ಗೊತ್ತದ" ಎಂದರು. "ಅರಿಶಿಣ ಹಚ್ಚಿದಾಗೇ ಬೆರಳಿಗಿ ತಿಳೀತು. ಗಾಜಾದ್ರ ತಣ್ಣಗ ಹತ್ತತದ. ಇದು ಮೆತ್ತಗ ಹತ್ತಿತು, ಕೂಸಿನ ಕೆನ್ನಿ ಹಂಗ. ಕೈ ತೆಗೀಬೇಕಾಗಿತ್ತು. ಮನಸಾಗಲಿಲ್ಲ. ಹಚ್ಚಿದೆ, ಮತ್ತ ಹಚ್ಚಿದೆ."

ಇಂಜಿನ್ನಿನ ಕಡೆ ನಿಂತ ಹುಡುಗಿಯನ್ನು ನೋಡುತ್ತ ಅವರೇ ಮುಂದುವರಿಸಿದರು. "ಪೋರೀಗಿ ಇದು ಹೇಳಬ್ಯಾಡ. ಆಕಿ ನಿನ್ನ ಸಂಗಾಟ ಬಾಳೇವು ಮಾಡಾಕಿ. ನಾ ನಾರಾಯಣಖೇಡದಾಗ ಇರಾಕಿ. ಸಿಟ್ಟು ನನ್ನ ಮ್ಯಾಲೇ ಇರಲಿ, ಅಷ್ಟು ದೂರ ಇದ್ರ ಆಕೀಗೂ ಹೊರಿ ಆಗಲ್ಲ."

"ಹಂಗ ಆಗಬಾರದ್ರಿ ಯವ್ವಾ" ಎಂದೆ. ನನ್ನ ಮಾತಿನಲ್ಲಿ ಜೀವವಿರಲಿಲ್ಲ. ಅದು ಅವರಿಗೂ ಕೇಳಿಸಿರಬೇಕು.

ಸಂತೆಯ ಮರುದಿನ ನಾರಾಯಣಖೇಡದ ಕಡೆ ಬಂಡಿಗಳು ಹೊರಟವು. ನಮ್ಮವರು ಅತ್ತೆಯನ್ನು ಒಂದು ಬಂಡಿಗೆ ಹತ್ತಿಸಿ ಹುಲ್ಲು ಸರಿಮಾಡಿದರು. "ಆಯಿಗಿ ಕೈ ಮುಗಿ" ಎಂದು ಮಗಳಿಗೆ ಹೇಳಿದರು. ಹುಡುಗಿ ಕದಲಲಿಲ್ಲ. ಮುದುಕಿ ಬಂಡಿಯಿಂದ ಬಗ್ಗಿ ಕೈ ಚಾಚಿದರು. ಈಗಲಾದರೂ ಹೇಳು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ಬಾಯಿ ತೆರೆದೆ. ಮುದುಕಿ ನನ್ನನ್ನೇ ನೋಡಿ ಬೇಡವೆಂದು ತಲೆಯಾಡಿಸಿದರು.

ಹುಡುಗಿ ಆ ಕೈಗೆ ಬೆನ್ನು ತಿರುಗಿಸಿ ನನ್ನ ನಿರಿಗೆಯಲ್ಲಿ ಮುಖ ಹುದುಗಿಸಿದಳು. ಎರಡೂ ಕೈಯಿಂದ ನನ್ನ ಸೊಂಟ ಹಿಡಿದುಕೊಂಡು, "ಮನೀಗಿ ಹೋಗೂಣ ನಡಿ, ಅವ್ವಾ" ಎಂದಳು.

ಬಂಡಿಯವರೆಗೂ ಕೇಳಿಸಿತು. ನಾನು ಓಗೊಟ್ಟೆ.